ದಿನದ ಕೆಲಸದೊಳಗೆ ಕಲಿಸಿ ಬೆಳೆಸುವುದು

ನೌಕರರು ಮಾಡುತ್ತಿರುವ ಕೆಲಸವನ್ನೇ ಪಾಠವಾಗಿ ಹಿಡಿದು, ಅದೇ ಜಾಗದಲ್ಲಿ ಮೇಲಿನವರು ಅವರನ್ನು ಪಳಗಿಸುವ ಕ್ರಮ. ಖಾಸಗಿ ಕಂಪನಿಗಳಲ್ಲಿ ಇದಕ್ಕೆ ಕೋಚಿಂಗ್ ಎಂಬ ಹೆಸರಿದೆ. ಸರ್ಕಾರಿ ಇಲಾಖೆಗಳಲ್ಲಿ ಸ್ಥಳದಲ್ಲೇ ಮಾರ್ಗದರ್ಶನ, ಮೇಲ್ವಿಚಾರಣೆ, ಅನುಪಾಲನೆ ಎಂಬ ಹೆಸರುಗಳಲ್ಲಿ ನಡೆಯುತ್ತದೆ. ತರಬೇತಿ ಕೇಂದ್ರದಲ್ಲಿ ನೂರು ಜನಕ್ಕೆ ಒಂದೇ ಪಾಠ. ಇಲ್ಲಿ ಒಬ್ಬರು, ಅವರ ಒಂದು ಕೆಲಸ, ಆ ಕೆಲಸದ ಒಂದು ತೊಡಕು. ಕೆಲಸ ತಪ್ಪಿದ ಮೇಲೆ ವಿವರಣೆ ಕೇಳುವುದು ಇದರ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಸಲ ಆ ಕೆಲಸ ಮೊದಲಿಗಿಂತ ಚೆನ್ನಾಗಿ ನಡೆದರೆ ಮಾತ್ರ ಬರುತ್ತದೆ.

ಈ ವಿಷಯದ ಪುಸ್ತಕಗಳೆಲ್ಲ ಬಹುಪಾಲು ದೊಡ್ಡ ಕಚೇರಿಗಳನ್ನು ಕಣ್ಣಮುಂದೆ ಇಟ್ಟುಕೊಂಡವು. ಆದರೆ ಬಿಡುವಿಲ್ಲದ ಮೇಲಧಿಕಾರಿ ಎಂದರೆ ಯಾರು ಎಂದು ನೋಡಬೇಕಾದರೆ ಹೋಬಳಿ ಕೇಂದ್ರಕ್ಕೆ ಬರಬೇಕು. ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಕಂದಾಯ ಉಪವಿಭಾಗವಾಗಿದೆ. ಇದೇ ನಾಲ್ಕು ತಾಲ್ಲೂಕುಗಳನ್ನು ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಪ್ರತ್ಯೇಕವಾಗಿ ನಡೆಸುತ್ತದೆ. ಆಂಧ್ರದ ಗಡಿಗೆ ಹತ್ತಿರವಿರುವ ಕೊಡಿಗೇನಹಳ್ಳಿ ಮಧುಗಿರಿ ತಾಲ್ಲೂಕಿನ ಹೋಬಳಿಗಳಲ್ಲೊಂದು. ಇಂಥ ಊರಿನಲ್ಲಿ ಜನರಿಂದ ಕೆಲಸ ತೆಗೆಯುವವರು ಶಾಲೆಯ ಮುಖ್ಯಶಿಕ್ಷಕರು, ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಅಂಗನವಾಡಿ ಮೇಲ್ವಿಚಾರಕಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಡೇರಿಯ ಕಾರ್ಯದರ್ಶಿ. ಬ್ಯಾಂಕಿನವರನ್ನು ಬಿಟ್ಟರೆ ಯಾರಿಗೂ ಮ್ಯಾನೇಜರ್ ಎಂಬ ಹೆಸರಿಲ್ಲ. ಕೆಲಸ ಮಾತ್ರ ಅದೇ.

ಇವರನ್ನು ಕೇಳಿದರೆ ಕಲಿಸಲು ಪುರುಸೊತ್ತಿಲ್ಲ ಎನ್ನುತ್ತಾರೆ. ಆ ಮಾತು ಸುಳ್ಳಲ್ಲ. ಆದರೂ ಅವರ ತಿಂಗಳನ್ನು ಬಿಡಿಸಿ ನೋಡಿದರೆ ಶಾಲಾ ಭೇಟಿ, ವಲಯ ಸಭೆ, ಪ್ರಗತಿ ಪರಿಶೀಲನೆ, ದಾಖಲೆ ತಪಾಸಣೆ ಹೀಗೆ ನೌಕರರೊಡನೆ ಮುಖಾಮುಖಿ ಆಗುವ ಹೊತ್ತು ಮೊದಲೇ ಗೊತ್ತುಮಾಡಿ ಇಟ್ಟಂತೆಯೇ ಇರುತ್ತದೆ. ಕಲಿಸುವುದಕ್ಕೆಂದೇ ಇಟ್ಟ ಆ ಹೊತ್ತನ್ನು ಅಂಕಿಅಂಶ ನುಂಗಿಬಿಡುತ್ತದೆ. ಆದ್ದರಿಂದ ಹೊಸ ಸಮಯ ಹುಡುಕುವುದಕ್ಕಿಂತ ಇರುವ ಭೇಟಿಯ ಒಂದು ಪಾಲನ್ನು ಬಿಡಿಸಿಕೊಳ್ಳುವುದೇ ಇಲ್ಲಿ ನಿಜವಾದ ಸಮಸ್ಯೆ.

ಹಿನ್ನೆಲೆ

ಕೆಲಸದ ಜಾಗದಲ್ಲೇ ಕಲಿಸುವುದಕ್ಕೆ ಗೊತ್ತಾದ ಕ್ರಮವೊಂದು ರೂಪುಗೊಂಡದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1940ರಿಂದ 1945ರವರೆಗೆ ಅಮೆರಿಕ ಸರ್ಕಾರ ನಡೆಸಿದ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಕಾರ್ಯಕ್ರಮ, ಯುದ್ಧ ಸಾಮಗ್ರಿ ತಯಾರಿಸಲು ಕಾರ್ಖಾನೆಗೆ ಹೊಸದಾಗಿ ಬಂದವರನ್ನು ಬೇಗ ಪಳಗಿಸುವ ಹೊಣೆಯನ್ನು ಫೋರ್‌ಮನ್‌ಗಳಿಗೇ ವಹಿಸಿತು. ಕಲಿಯುವವರ ಅಳುಕು ಬಿಡಿಸಿ ಸಿದ್ಧಗೊಳಿಸುವುದು, ಮಾಡಿ ತೋರಿಸುವುದು, ಅವರ ಕೈಯಲ್ಲಿ ಮಾಡಿಸಿ ನೋಡುವುದು, ಆಮೇಲೂ ಆಗಾಗ ಬಂದು ವಿಚಾರಿಸುವುದು ಎಂಬ ನಾಲ್ಕು ಹೆಜ್ಜೆಗಳು ಅದರವು. ಯುದ್ಧ ಮುಗಿದ ಮೇಲೆ ಈ ಕ್ರಮ ಜಪಾನಿಗೆ ಹೋಗಿ ಟೊಯೋಟಾದ ಕಾರ್ಖಾನೆಗಳಲ್ಲಿ ಬೇರೂರಿತು. ನಾಲ್ಕರಲ್ಲಿ ಎಲ್ಲ ಕಡೆಯೂ ಮೊದಲು ಕೈಬಿಟ್ಟುಹೋಗುವುದು ಕೊನೆಯ ಹೆಜ್ಜೆ.

ಕರ್ನಾಟಕದಲ್ಲಿ ಮೇಲ್ವಿಚಾರಕರನ್ನು ತಯಾರುಮಾಡುವುದಕ್ಕೆಂದೇ 1971ರಲ್ಲಿ ಜರ್ಮನಿಯ ನೆರವಿನಿಂದ ಬೆಂಗಳೂರಿನಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆ ಆರಂಭವಾಯಿತು. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಬಿಡದಿಗೆ ಜಪಾನಿನ ಪದ್ಧತಿಯನ್ನು ತಂದಿತು. 2007ರಲ್ಲಿ ಅಲ್ಲೇ ಗ್ರಾಮೀಣ ಹುಡುಗರಿಗಾಗಿ ತಾಂತ್ರಿಕ ತರಬೇತಿ ಸಂಸ್ಥೆಯನ್ನೂ ತೆರೆಯಿತು. ಟೊಯೋಟಾ ಪದ್ಧತಿಯಲ್ಲಿ ಅಡಚಣೆ ಕಂಡ ಕೆಲಸಗಾರ ಹಗ್ಗ ಎಳೆದು ದೀಪ ಹೊತ್ತಿಸುತ್ತಾನೆ, ತಂಡದ ಮುಖಂಡ ಅಲ್ಲಿಗೇ ಬರುತ್ತಾನೆ. ಕಲಿಕೆಗೆ ವೇಳಾಪಟ್ಟಿಯಿಲ್ಲ, ಕೆಲಸ ಎಲ್ಲಿ ಕಚ್ಚಿಕೊಂಡಿತೋ ಅಲ್ಲೇ ಪಾಠ. ಒಬ್ಬ ಮುಖಂಡನಿಗೆ ಬೆರಳೆಣಿಕೆಯ ಜನರಿರುವುದರಿಂದ ಇದು ಸಾಧ್ಯ. ಈ ಕಾರಣವನ್ನು ಮರೆತು ಹಗ್ಗವನ್ನಷ್ಟೇ ಹೊಗಳುವವರು ಹೆಚ್ಚು.

ಇನ್ನೊಂದು ಧಾರೆ ಆಟದ ಮೈದಾನದಿಂದ ಬಂತು. ಟೆನಿಸ್ ಕಲಿಸುತ್ತಿದ್ದ ಟಿಮೋತಿ ಗಾಲ್ವೇ 1974ರಲ್ಲಿ ಪ್ರಕಟಿಸಿದ ಪುಸ್ತಕ, ಆಟಗಾರನಿಗೆ ಸೂಚನೆ ಸುರಿಯುವುದಕ್ಕಿಂತ ತನ್ನ ಆಟವನ್ನು ತಾನೇ ಗಮನಿಸುವಂತೆ ಮಾಡುವುದು ಮೇಲು ಎಂದು ವಾದಿಸಿತು. ಜಾನ್ ವಿಟ್‌ಮೋರ್ 1992ರ ಪುಸ್ತಕದಲ್ಲಿ ಇದನ್ನು ಕಚೇರಿಗೆ ಒಗ್ಗಿಸಿ, ಗುರಿ, ಈಗಿನ ಸ್ಥಿತಿ, ಇರುವ ದಾರಿಗಳು, ಮಾಡುವ ಸಂಕಲ್ಪ ಎಂಬ ಕ್ರಮದಲ್ಲಿ ಪ್ರಶ್ನೆ ಕೇಳುವುದನ್ನು ಜನಪ್ರಿಯಗೊಳಿಸಿದರು. ಮೊದಲ ಧಾರೆ ತೋರಿಸುತ್ತದೆ, ಎರಡನೆಯದು ಕೇಳುತ್ತದೆ. ಇಂದಿನ ಪುಸ್ತಕಗಳು ಕೇಳುವುದರ ಕಡೆಗೇ ವಾಲಿವೆ. ಆದರೆ ಡೇರಿಯಲ್ಲಿ ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರ್ ಓದಲು ಬಾರದ ಹುಡುಗನಿಗೆ ‘ನಿನಗೇನನ್ನಿಸುತ್ತದೆ’ ಎಂದು ಕೇಳಿ ಪ್ರಯೋಜನವಿಲ್ಲ, ಅವನಿಗೆ ತೋರಿಸಬೇಕು.

ಶಾಲಾ ಭೇಟಿ

ಈ ಸೀಮೆಯಲ್ಲಿ ಕೋಚಿಂಗ್ ಎಂಬುದು ಅತ್ಯಂತ ಸ್ಪಷ್ಟವಾಗಿ ಹುದ್ದೆಯ ರೂಪ ಪಡೆದಿರುವುದು ಶಿಕ್ಷಣ ಇಲಾಖೆಯಲ್ಲಿ. ಶೈಕ್ಷಣಿಕ ಜಿಲ್ಲೆಗೆ ಉಪನಿರ್ದೇಶಕರು, ತಾಲ್ಲೂಕಿಗೆ ಕ್ಷೇತ್ರ ಶಿಕ್ಷಣಾಧಿಕಾರಿ ಅಂದರೆ ಬಿಇಒ, ಅವರ ಜೊತೆಗೆ ಶಿಕ್ಷಣ ಸಂಯೋಜಕರು, ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಂಪನ್ಮೂಲ ವ್ಯಕ್ತಿಗಳು (ಬಿಆರ್‌ಪಿ). ಕೆಲವು ಶಾಲೆಗಳ ಗುಂಪಿಗೆ ಒಬ್ಬ ಸಮೂಹ ಸಂಪನ್ಮೂಲ ವ್ಯಕ್ತಿ, ಊರವರ ಬಾಯಲ್ಲಿ ಸಿಆರ್‌ಪಿ. ಶಿಕ್ಷಕರ ತರಬೇತಿಗೆ ಮಧುಗಿರಿಯಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ. ಸಿಆರ್‌ಪಿ ಪ್ರಾಥಮಿಕ ಶಾಲಾ ಶಿಕ್ಷಕರ ನಡುವಿನಿಂದಲೇ ಪರೀಕ್ಷೆಯ ಮೂಲಕ ಆಯ್ಕೆಯಾಗಿ ಬರುವವರು, ಅವಧಿ ಮುಗಿದ ಮೇಲೆ ಮತ್ತೆ ಶಾಲೆಗೆ ಹೋಗುವವರು. ದರ್ಜೆಯಲ್ಲಿ ಶಿಕ್ಷಕರಿಗೆ ಸಮಾನರು, ದಂಡಿಸುವ ಅಧಿಕಾರವಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಕೋಚ್ ಸಿಗಲಾರ.

ನಡೆಯುವುದು ಬೇರೆ. ಎಸ್‌ಎಟಿಎಸ್ ತಂತ್ರಾಂಶದಲ್ಲಿ ಮಕ್ಕಳ ದಾಖಲಾತಿ ಹೊಂದಿತೇ, ಯುಡೈಸ್‌ನಲ್ಲಿ ಶಾಲೆಯ ಮಾಹಿತಿ ತುಂಬಿತೇ, ಅಕ್ಷರ ದಾಸೋಹದ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಸಮವಸ್ತ್ರದ ಲೆಕ್ಕ, ಶೌಚಾಲಯದ ಫೋಟೊ. ಬಿಇಒ ಕಚೇರಿಯಿಂದ ‘ಇಂದೇ ತುರ್ತು’ ಎಂದು ಬಂದದ್ದನ್ನು ಶಾಲೆ ಶಾಲೆಗೆ ಮುಟ್ಟಿಸಿ ವಾಪಸು ತರುವ ಕೆಲಸಕ್ಕೆ ಸಿಆರ್‌ಪಿಯ ಬೈಕು ಮೀಸಲಾಗುತ್ತದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಬೋಧನೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ; ಶಾಲೆಯೊಳಗಿನ ಅಂಕಿಅಂಶದ ಬಗ್ಗೆ ಅದು ಮೌನ. ಭೇಟಿಯ ಕೊನೆಗೆ ಸಂದರ್ಶಕರ ಪುಸ್ತಕದಲ್ಲಿ ‘ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಕಡೆ ಹೆಚ್ಚಿನ ಗಮನ ನೀಡಲು ಸೂಚಿಸಿದೆ’ ಎಂಬ ಧಾಟಿಯ ಸಾಲು ಬೀಳುತ್ತದೆ. ಯಾವ ಶಾಲೆಗೂ, ಯಾವ ದಿನಕ್ಕೂ ಹೊಂದುವ ಸಾಲು ಅದು.

ಈ ಒತ್ತಡದ ನಡುವೆಯೂ ಕಲಿಸುವುದನ್ನು ಉಳಿಸಿಕೊಳ್ಳುವ ಬಗೆ ಹೆಚ್ಚು ಕಡಿಮೆ ಎಲ್ಲ ಇಲಾಖೆಗಳಲ್ಲೂ ಒಂದೇ. ಮೊದಲನೆಯದು ಭೇಟಿಯ ಕ್ರಮವನ್ನು ತಿರುಗಿಸುವುದು. ಕಾಲಿಟ್ಟ ಕೂಡಲೇ ದಾಖಲೆ ಕೇಳಿದರೆ ಮುಖ್ಯಶಿಕ್ಷಕರು ಬೀರು ತೆಗೆಯುತ್ತಾರೆ, ಶಿಕ್ಷಕಿ ತರಗತಿ ಬಿಟ್ಟು ಬರುತ್ತಾರೆ, ಆಮೇಲೆ ನೋಡಲು ಪಾಠವೇ ಉಳಿದಿರುವುದಿಲ್ಲ. ನೇರ ತರಗತಿಗೆ ಹೋಗಿ ಮಕ್ಕಳ ಸಾಲಿನಲ್ಲಿ ಕೂತರೆ ಅರ್ಧ ಪೀರಿಯಡ್ ಸಾಕು. ದಾಖಲೆ ಊಟದ ಬಿಡುವಿನಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ. ಎರಡನೆಯದು ನೋಡುವ ವಿಷಯವನ್ನು ಒಂದಕ್ಕೆ ಇಳಿಸುವುದು. ಹತ್ತು ದೋಷ ಪಟ್ಟಿಮಾಡಿದ ಮೇಲ್ವಿಚಾರಕರ ಒಂದು ಮಾತೂ ಮಾರನೆಯ ದಿನಕ್ಕೆ ಉಳಿಯುವುದಿಲ್ಲ. ಮೂರನೆಯದು, ಮುಂದಿನ ಭೇಟಿಯಲ್ಲಿ ಅದೇ ಒಂದನ್ನು ಮೊದಲು ಕೇಳುವುದು.

ಉದಾಹರಣೆಗೆ, ಮಕ್ಕಳು ‘ತಟ್ಟೆ’ ಎಂಬ ಗುಂಪುಗಳಲ್ಲಿ ಕೂತು ಕಾರ್ಡುಗಳಿಂದ ಕಲಿಯುವ ನಲಿಕಲಿ ತರಗತಿಯೊಂದನ್ನು ನೋಡಿ ಹೊರಬಂದ ಸಿಆರ್‌ಪಿ ‘ತರಗತಿ ನಿರ್ವಹಣೆ ಸುಧಾರಿಸಬೇಕು’ ಎಂದರೆ ಅದು ವರದಿಯ ಭಾಷೆ. ಅದರ ಬದಲು ಜಗಲಿಯಲ್ಲಿ ನಿಂತು, “ಮೇಡಂ, ಆ ಮೂಲೆ ತಟ್ಟೆ ಮಕ್ಳು ಕಾರ್ಡ್ ಎತ್ಕಂಡು ಬಂದು ಎಷ್ಟೊತ್ತು ಸುಮ್ನೆ ಕೂತಿದ್ರು, ನೋಡುದ್ರಾ?” ಎಂದು ಕೇಳಬಹುದು. “ಇಲ್ಲ ಸಾರ್, ನಾನು ಈ ಕಡೆ ಬರೆಸ್ತಿದ್ದೆ” ಎಂಬ ಉತ್ತರ ಬಂದರೆ, “ಅವರಲ್ಲಿ ಯಾರಿಗಾದ್ರೂ ಆ ಕಾರ್ಡ್ ಬರ್ತಿತ್ತಾ?” ಎಂಬುದು ಮುಂದಿನ ಪ್ರಶ್ನೆ. ಬರುತ್ತಿದ್ದ ಒಬ್ಬಳ ಹೆಸರು ಶಿಕ್ಷಕಿಯ ಬಾಯಿಂದಲೇ ಬಂದುಬಿಟ್ಟರೆ, ನಾಳೆ ಅವಳನ್ನು ಆ ಗುಂಪಿನಲ್ಲಿ ಕೂರಿಸುವ ತೀರ್ಮಾನವೂ ಶಿಕ್ಷಕಿಯದೇ ಆಗುತ್ತದೆ. ಇಷ್ಟಕ್ಕೆ ಹಿಡಿಯುವುದು ಐದು ನಿಮಿಷ.

ಯಾರಿಗೆ ಎಷ್ಟು ನೆರವು ಬೇಕು ಎಂಬ ಪ್ರಶ್ನೆಗೆ ಆಡಳಿತ ಶಾಸ್ತ್ರದಲ್ಲಿ ಹರ್ಸೆ ಮತ್ತು ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ಸಿದ್ಧಾಂತವನ್ನು ಹೆಸರಿಸುವುದು ವಾಡಿಕೆ: ಹೊಸಬರಿಗೆ ಸೂಚನೆ, ಪಳಗಿದವರಿಗೆ ಸ್ವಾತಂತ್ರ್ಯ. ಕರ್ನಾಟಕದ ಓದುಗರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶಿಕ್ಷಕರೇ ಕಟ್ಟಿದ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ ಕೂರುತ್ತಾರೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು, ಭಾಗಶಃ ನೆರವು ಸಾಕಾದವರು, ಗೆಳೆಯರ ಪೂರ್ಣ ನೆರವಿನವರು, ಗೆಳೆಯರ ಭಾಗಶಃ ನೆರವಿನವರು, ತಾವೇ ಕಲಿಯುವವರು. ಮಗು ಇಂದು ಒಂದು ತಟ್ಟೆ, ನಾಳೆ ಇನ್ನೊಂದು. ಭಾಷೆಗೆ ಒಂದು, ಗಣಿತಕ್ಕೆ ಬೇರೊಂದು. ನೌಕರರೂ ಹಾಗೇ. ಪಾಠ ಹೇಳುವುದರಲ್ಲಿ ಐದನೇ ತಟ್ಟೆಯ ಶಿಕ್ಷಕರು ಕಂಪ್ಯೂಟರಿನ ಮುಂದೆ ಮೊದಲನೆಯದರಲ್ಲಿ ಇರಬಹುದು. ಮೇಲಧಿಕಾರಿಗೆ ಸಮಯ ಉಳಿಯುವುದು ಗೆಳೆಯರ ನೆರವಿನ ಎರಡು ತಟ್ಟೆಗಳಿಂದ: ಎಲ್ಲದಕ್ಕೂ ತಾನೇ ಹೋಗದೆ, ಬಲ್ಲ ಸಹೋದ್ಯೋಗಿಯನ್ನು ಜೊತೆ ಮಾಡುವುದರಿಂದ. ದಿನವೂ ಇದನ್ನೇ ಮಕ್ಕಳಿಗೆ ಮಾಡುವ ಇಲಾಖೆ ತನ್ನ ನೌಕರರ ವಿಷಯದಲ್ಲಿ ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸುವುದು ವಿಚಿತ್ರ.

ಮುಖ್ಯಶಿಕ್ಷಕರ ಪಾಡು ಇನ್ನೂ ಬಿಗಿ. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅವರೂ ಪೂರ್ತಿ ಪಾಠ ಮಾಡಬೇಕು. ಜೊತೆಗೆ ಅಡುಗೆಯವರು, ದಿನಸಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ. ಅಲ್ಲಿ ವೀಕ್ಷಣೆ ಎಂಬುದು ಪಕ್ಕದ ಕೋಣೆಯಿಂದ ಕೇಳಿಸುವ ದನಿಯಷ್ಟೇ. ಇಂಥ ಕಡೆ ಸಾಧ್ಯವಾಗುವುದು ಎರಡೂ ತರಗತಿಯ ಮಕ್ಕಳನ್ನು ಕೆಲವೊಮ್ಮೆ ಒಟ್ಟಿಗೆ ಕೂರಿಸಿ ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ನೋಡುವುದು, ಅಥವಾ ಸಂಜೆ ಬೀಗ ಹಾಕುವ ಮೊದಲು ನೋಟ್‌ಬುಕ್ಕುಗಳನ್ನು ಜೊತೆಯಲ್ಲಿ ತಿರುವುವುದು. ಬಸ್ಸಿಗೆ ಕಾಯುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಏಕೋಪಾಧ್ಯಾಯ ಶಾಲೆಗೆ ಈ ಮಾತು ಯಾವುದೂ ಅನ್ವಯಿಸುವುದಿಲ್ಲ.

ಕ್ಲಸ್ಟರಿನ, ಅಂದರೆ ಶಾಲಾ ಸಮೂಹದ, ಸಮಾಲೋಚನಾ ಸಭೆ ಇನ್ನೊಂದು ಸಿದ್ಧ ಅವಕಾಶ. ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಷವರ್ಸ್ 1980ರ ಲೇಖನದಲ್ಲೇ, ಸಿದ್ಧಾಂತ ಹೇಳಿ ಪ್ರಾತ್ಯಕ್ಷಿಕೆ ತೋರಿಸಿದಷ್ಟಕ್ಕೆ ಹೊಸ ವಿಧಾನ ತರಗತಿಗೆ ಇಳಿಯುವುದಿಲ್ಲ, ತರಗತಿಯಲ್ಲಿ ಜೊತೆಗಿದ್ದು ನೆರವಾಗುವವರು ಬೇಕು ಎಂದು ತೋರಿಸಿದ್ದರು. ಮುಂದೆ ಅವರು ಆ ನೆರವನ್ನು ಶಿಕ್ಷಕರು ಪರಸ್ಪರ ಕೊಟ್ಟುಕೊಳ್ಳುವ ಕಡೆಗೆ ಹೆಚ್ಚು ಒಲಿದರು. ಸಮಾಲೋಚನಾ ಸಭೆ ಅದಕ್ಕೆಂದೇ ಹುಟ್ಟಿದ್ದು: ಒಬ್ಬರ ಮಾದರಿ ಪಾಠ, ಉಳಿದವರ ಚರ್ಚೆ. ಸುತ್ತೋಲೆ ಓದುವುದನ್ನು ಮೊದಲಿಗೆ ಇಟ್ಟರೆ ಪಾಠ ಮೂಲೆಗೆ ಸರಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆಂದಿದೆ. ಅದರಲ್ಲಿ ಎಷ್ಟು ಪಾಲು ಇಂಥ ಸಭೆಗೆ ಸಲ್ಲುತ್ತದೆ, ಎಷ್ಟು ಮೊಬೈಲ್ ಪರದೆಗೆ ಎಂಬುದರ ಮೇಲೆ ಅದರ ಫಲ ನಿಂತಿದೆ.

ಅಂಗನವಾಡಿ, ಆರೋಗ್ಯ ಕೇಂದ್ರ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ (ಐಸಿಡಿಎಸ್) ಯೋಜನೆಯ ಕರ್ನಾಟಕದ ಮೊದಲ ತಾಲ್ಲೂಕು ತಿರುಮಕೂಡಲು ನರಸೀಪುರ. ಈಗ ಪ್ರತಿ ವಲಯಕ್ಕೆ ಒಬ್ಬ ಮೇಲ್ವಿಚಾರಕಿ, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). 2018ರಲ್ಲಿ ಪೋಷಣ್ ಅಭಿಯಾನ ಬಂದಾಗ ಜೊತೆಗೆ ತಂದ ಹಂತ ಹಂತದ ಕಲಿಕಾ ಕ್ರಮ, ಈ ಲೇಖನದ ವಿಷಯಕ್ಕೆ ಅತ್ಯುತ್ತಮ ಸರ್ಕಾರಿ ಉದಾಹರಣೆ. ಕಾರ್ಯಕರ್ತೆಗೆ ತಿಳಿದಿರಬೇಕಾದ್ದನ್ನೆಲ್ಲ ಒಂದೇ ಶಿಬಿರದಲ್ಲಿ ತುರುಕದೆ 21 ಘಟಕಗಳಾಗಿ ಒಡೆದು, ಹೇಗಿದ್ದರೂ ನಡೆಯುವ ತಿಂಗಳ ಸಭೆಯಲ್ಲಿ ಒಂದೊಂದನ್ನು ಹೇಳಿಕೊಡುವುದು. ಆ ತಿಂಗಳ ಮನೆ ಭೇಟಿಯಲ್ಲಿ ಅದನ್ನೇ ಮಾಡುವುದು. ಮುಂದಿನ ಸಭೆ ಅದರ ಅನುಭವದಿಂದ ಶುರುವಾಗುವುದು. ಹೊಸ ಸಭೆಯಿಲ್ಲ, ಹೊಸ ಪ್ರಯಾಣವಿಲ್ಲ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್ ಈ ಸಭೆಗಳ ಮೇಲೆ ಇನ್ನೊಂದು ಹೊರೆ ಹೇರಿತು; ಯಾರ ಫೋನಿನಲ್ಲಿ ಏನು ತುಂಬಿಲ್ಲ ಎಂಬ ಮಾತು ಎಷ್ಟು ಹೊತ್ತನ್ನಾದರೂ ತಿನ್ನಬಲ್ಲದು.

ದಾಖಲೆಯೇ ಕಲಿಸುವ ಸಾಧನವಾಗಬಹುದು ಎಂಬುದಕ್ಕೆ ಉತ್ತರ ಕರ್ನಾಟಕದಲ್ಲಿ ನಿದರ್ಶನವಿದೆ. 2010ರ ದಶಕದ ಮೊದಲ ವರ್ಷಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ‘ಸುಕ್ಷೇಮ’ ಯೋಜನೆಯಡಿ ಆ ಭಾಗದ 8 ಜಿಲ್ಲೆಗಳಲ್ಲಿ ಕೆಲಸ ಮಾಡಿತು. ತರಬೇತಿ ಪಡೆದ ಮಾರ್ಗದರ್ಶಿ ನರ್ಸ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸರದಿಯಂತೆ ಹೋಗಿ, ಅಲ್ಲಿನ ನರ್ಸ್‌ಗಳ ಜೊತೆಗಿದ್ದು ಹೆರಿಗೆ ಮತ್ತು ನವಜಾತ ಶಿಶುವಿನ ಆರೈಕೆಯನ್ನು ತಿದ್ದಿದರು. ಹೆರಿಗೆಯ ಕೇಸ್ ಷೀಟನ್ನು, ತುಂಬುತ್ತ ಹೋದಂತೆ ಮುಂದೇನು ಮಾಡಬೇಕೆಂದು ಅದೇ ಹೇಳುವ ಹಾಗೆ ರೂಪಿಸಲಾಗಿತ್ತು. ಮಾರ್ಗದರ್ಶಿ ಬಂದಾಗ ಹಳೆಯ ಷೀಟುಗಳೇ ಪಾಠ. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಮಾರ್ಗದರ್ಶಿ ಹೋದ ಕೇಂದ್ರಗಳನ್ನು ಹೋಗದ ಕೇಂದ್ರಗಳೊಡನೆ ಹೋಲಿಸಿದಾಗ ನರ್ಸ್‌ಗಳ ತಿಳಿವಳಿಕೆಯಲ್ಲೂ ಕೇಂದ್ರದ ಸಿದ್ಧತೆಯಲ್ಲೂ ವ್ಯತ್ಯಾಸ ಕಂಡಿತು. ಗಮನಿಸಬೇಕಾದ್ದು, ಅಲ್ಲಿ ಕಲಿಸುವವರಿಗೆ ಬೇರೆ ಕೆಲಸವಿರಲಿಲ್ಲ. ಒಂದು ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಆ ಭಾಗ್ಯವಿಲ್ಲ. ಅವರ ಕೈಗೆ ಎಟುಕುವುದು ಷೀಟಿನ ಉಪಾಯ ಮಾತ್ರ: ಸಹಿ ಹಾಕುವ ಕಾಗದವನ್ನೇ ನೆಪವಾಗಿಸಿಕೊಂಡು ಒಂದು ಪ್ರಶ್ನೆ ಕೇಳುವುದು.

ಡೇರಿ, ಸೋಲಾರ್ ಪಾರ್ಕ್

ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಕೆಲಸ ದಿನಕ್ಕೆರಡು ಸಲ, ಬೆಳಗ್ಗೆ ಮತ್ತು ಸಂಜೆ, ಹಾಲು ಹಾಕುವವರ ಕಣ್ಣೆದುರಲ್ಲೇ ನಡೆಯುತ್ತದೆ. ಜಿಡ್ಡಿನ ಅಂಶದಲ್ಲಿ ತಪ್ಪಾದರೆ ರೈತನ ಬಟವಾಡೆಯಲ್ಲಿ ಕಾಣುತ್ತದೆ, ಜಗಳ ಅಲ್ಲೇ. ತುಮಕೂರು ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಬಂದಾಗ ಪರೀಕ್ಷಕನನ್ನು ಸಾಲಿನ ಮುಂದೆ ತಿದ್ದಿದರೆ ಅವನ ಮಾನ ಹೋಗುತ್ತದೆ, ಸಂಘದ ಮೇಲಿನ ನಂಬಿಕೆಯೂ ಹೋಗುತ್ತದೆ. ಕ್ಯಾನು ಲಾರಿ ಹತ್ತಿದ ಮೇಲೆ, ಉಳಿದ ಮಾದರಿಯನ್ನು ಇಬ್ಬರೂ ಬೇರೆ ಬೇರೆ ಪರೀಕ್ಷಿಸಿ ಫಲಿತಾಂಶ ಹೋಲಿಸಿದರೆ ಯಾರೂ ಯಾರಿಗೂ ಬುದ್ಧಿ ಹೇಳಬೇಕಾಗುವುದಿಲ್ಲ.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬೇರೆಯೇ ಲೋಕ. ಇಂಥ ವಿದ್ಯುತ್ ನಿವೇಶನಗಳಲ್ಲಿ ಕೆಲಸ ಶುರುವಾಗುವ ಮುನ್ನ ಎಲ್ಲರನ್ನೂ ನಿಲ್ಲಿಸಿ ಆ ದಿನದ ಅಪಾಯಗಳನ್ನು ಹೇಳುವ ಟೂಲ್‌ಬಾಕ್ಸ್ ಟಾಕ್ ಸುರಕ್ಷತಾ ನಿಯಮದ ಭಾಗ. ಹತ್ತು ನಿಮಿಷದ ಈ ನಿಲುಗಡೆ ಬೇಗ ಮಂತ್ರಪಠಣವಾಗುತ್ತದೆ. ಹೇಳುವ ಸರದಿಯನ್ನು ಕೆಲಸಗಾರರಿಗೇ ಕೊಟ್ಟ ಕಡೆ ಅದು ಮಾತಾಗಿ ಉಳಿಯುತ್ತದೆ, ಅದೂ ತೆಲುಗು ಮನೆಮಾತಿನ ಹುಡುಗರು ತೆಲುಗಿನಲ್ಲೇ ಹೇಳಲು ಬಿಟ್ಟರೆ. ಗಡಿಯ ಈ ತಾಲ್ಲೂಕುಗಳಲ್ಲಿ ತಿದ್ದುವ ಮಾತು ಯಾವ ಭಾಷೆಯಲ್ಲಿ ಬರುತ್ತದೆ ಎಂಬುದು ಸಣ್ಣ ವಿಷಯವಲ್ಲ. ಆದೇಶ ಕನ್ನಡದಲ್ಲಿ, ಬೈಗುಳ ಕನ್ನಡದಲ್ಲಿ, ಸಲಿಗೆ ಮಾತ್ರ ತೆಲುಗಿನಲ್ಲಿ ಎಂದಾದರೆ ಕಲಿಕೆ ಸಲಿಗೆಯ ಕಡೆಗೇ ಹೋಗುತ್ತದೆ.

ವಾಟ್ಸ್‌ಆ್ಯಪ್

ದೂರದ ಶಾಲೆ, ಕೇಂದ್ರಗಳಿಗೆ ದಿನವೂ ಹೋಗಲಾಗದವರಿಗೆ ಮೊಬೈಲ್ ವರವಾಗಬೇಕಿತ್ತು. ಗುಂಪುಗಳು ಆದೇಶ ಇಳಿಸುವ ಕೊಳವೆಗಳಾದವು. ಬಾಕಿ ಉಳಿಸಿಕೊಂಡವರ ಪಟ್ಟಿಯನ್ನು ಗುಂಪಿನಲ್ಲಿ ಹಾಕುವುದು ಸುಲಭ, ಪರಿಣಾಮಕಾರಿಯೂ ಹೌದು, ಪಟ್ಟಿಯಲ್ಲಿ ಹೆಸರಿರುವವರು ಆಮೇಲೆ ತೊಡಕನ್ನು ಹೇಳಿಕೊಳ್ಳುವುದಿಲ್ಲ ಎಂಬುದೊಂದು ಬಿಟ್ಟರೆ. ಗುಂಪು ಪ್ರಕಟಣೆಗೆ, ತಿದ್ದುವುದಕ್ಕೆ ನೇರ ಫೋನು ಎಂದು ಬೇರ್ಪಡಿಸಿಕೊಂಡವರಿಗೆ ಅದೇ ಸಾಧನ ದಾರಿಯ ಹೊತ್ತನ್ನು ಉಳಿಸಿಕೊಡುತ್ತದೆ.

ಮಿತಿಗಳು

ತಿದ್ದುವ ಮಾತೆಲ್ಲ ಒಳ್ಳೆಯದನ್ನೇ ಮಾಡುತ್ತದೆಂಬ ಖಾತರಿಯಿಲ್ಲ. ಸಂಶೋಧಕರಾದ ಕ್ಲೂಗರ್ ಮತ್ತು ಡೆನಿಸಿ 1996ರಲ್ಲಿ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರನೇ ಒಂದು ಭಾಗಕ್ಕೂ ಹೆಚ್ಚು ಕಡೆ ಹಿಮ್ಮಾಹಿತಿ ಕೊಟ್ಟ ಮೇಲೆ ಕೆಲಸ ಕೆಟ್ಟಿತ್ತು. ಮಾತು ಕೆಲಸದಿಂದ ಸರಿದು ವ್ಯಕ್ತಿಯ ಮೇಲೆ ಬಿದ್ದಷ್ಟೂ ಫಲ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಇಲ್ಲಿನ ಕಚೇರಿಗಳಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಕಾರಣ ಕೇಳಿ ನೋಟಿಸು ಕೊಡುವ ಕೈ, ವಾರ್ಷಿಕ ಕಾರ್ಯನಿರ್ವಹಣಾ ವರದಿ ಬರೆಯುವ ಕೈ, ಹೆಗಲ ಮೇಲೆ ಇಟ್ಟು ಕಲಿಸುವ ಕೈ ಒಂದೇ ಆದಾಗ ನೌಕರ ಮೊದಲಿನ ಎರಡನ್ನು ಮರೆಯುವುದಿಲ್ಲ. ತನಗೆ ಬಾರದ್ದನ್ನು ಬಿಇಒ ಮುಂದೆ ಒಪ್ಪಿಕೊಳ್ಳುವ ಶಿಕ್ಷಕರು ಅಪರೂಪ, ಸಿಆರ್‌ಪಿ ಮುಂದೆ ಒಪ್ಪಿಕೊಳ್ಳುವವರು ಸಾಕಷ್ಟಿದ್ದಾರೆ. ಆ ಸಿಆರ್‌ಪಿಯೇ ದೂರು ಹೊತ್ತು ಬಿಇಒ ಬಳಿ ಹೋದನೆಂದು ಒಮ್ಮೆ ಗೊತ್ತಾದರೆ ಅವನಿಗೂ ಬಾಗಿಲು ಮುಚ್ಚಿತು.

ವರ್ಗಾವಣೆ ಇನ್ನೊಂದು ತೊಡಕು. ನಾಲ್ಕನೇ ಹೆಜ್ಜೆಯಾದ ಮತ್ತೆ ಬಂದು ವಿಚಾರಿಸುವುದಕ್ಕೆ ಮೊದಲು ಬಂದವರೇ ಇರುವುದಿಲ್ಲ. ಹೊಸಬರು ಮತ್ತೆ ದಾಖಲೆಯಿಂದ ಆರಂಭಿಸುತ್ತಾರೆ. ಇನ್ನು, ಈ ಸರಪಳಿಯ ಮೇಲಿನ ಕೊಂಡಿಗಳಿಗೆ ಕಲಿಸುವ ಏರ್ಪಾಟು ತೀರ ತೆಳು. ಮಗುವಿಗೆ ಶಿಕ್ಷಕಿ, ಶಿಕ್ಷಕಿಗೆ ಸಿಆರ್‌ಪಿ, ಸಿಆರ್‌ಪಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ ಮತ್ತು ಡಯಟ್. ಬಿಇಒ, ಸಿಡಿಪಿಒ, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ ಇವರ ಜೊತೆ ಒಂದು ದಿನ ಸುತ್ತಿ, ಅವರು ಭೇಟಿ ನಡೆಸುವ ರೀತಿಯನ್ನೇ ನೋಡಿ ಹೇಳುವ ಹುದ್ದೆ ಇಲಾಖೆಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅವರು ಮೇಲಿನವರನ್ನು ಕಾಣುವುದು ಹೆಚ್ಚಾಗಿ ಪ್ರಗತಿ ಪರಿಶೀಲನಾ ಸಭೆಯಲ್ಲಿ. ಅಲ್ಲಿ ಕೇಳುವುದು ಶೇಕಡಾವಾರು ಸಾಧನೆಯನ್ನು.